ಅಲಗಿನ ಮೇಲಿನ ಅಲೆ ಮತ್ತು ಚಾಕುವಿನ ಹರಿತ

ಕೈಯಲ್ಲಿ ಮಾಡಿದ ಬೇಟೆಚಾಕುಗಳ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಎಲ್ಲಕ್ಕಿಂತ ಹಠಮಾರಿಯಾದುದು ಡಮಾಸ್ಕಸ್ ಉಕ್ಕಿನದು. ಅಲಗಿನ ಮೇಲೆ ಕಪ್ಪು-ಬಿಳಿ ಅಲೆಗೆರೆಗಳು ಕಂಡರೆ ಸಾಕು, ಅದು ಕಲ್ಲನ್ನೂ ಕಡಿಯುತ್ತದೆ, ಅದಕ್ಕೆ ಸಾಣೆಯೇ ಬೇಡ, ಕಳೆದುಹೋದ ಪ್ರಾಚೀನ ರಹಸ್ಯವೊಂದು ಅದರೊಳಗೆ ಅಡಗಿದೆ ಎಂಬ ಮೂರು ಮಾತು ಒಟ್ಟಿಗೇ ಹೊರಡುತ್ತವೆ. ಮಾರುವವನು ಹೇಳಿದರೆ ಅದು ವ್ಯಾಪಾರ. ದುಡ್ಡು ಕೊಟ್ಟು ಕೊಂಡವನೂ ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗುವುದೇಕೆ ಎಂಬುದು ಬೇರೆಯೇ ಒಗಟು. ಮೂರೂ ಮಾತು ಸುಳ್ಳು.

ಗೊಂದಲಕ್ಕೆ ಮೊದಲ ಕಾರಣ, ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳು ಸೇರಿಕೊಂಡಿರುವುದು. ಹಳೆಯ ಡಮಾಸ್ಕಸ್ ಕತ್ತಿಗಳ ಉಕ್ಕು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕುಲುಮೆಗಳಿಂದ ಹೋದದ್ದು. ಐರೋಪ್ಯರು ಅದನ್ನು ವೂಟ್ಜ್ ಎಂದು ಕರೆದರು. ಕಬ್ಬಿಣದ ತುಂಡುಗಳ ಜೊತೆ ಕಟ್ಟಿಗೆಯ ಚೂರು, ಹಸಿರೆಲೆ ಹಾಕಿ, ಮಣ್ಣಿನ ಮೂಸೆಯ ಬಾಯಿ ಮೆತ್ತಿ, ತಿದಿಯೊತ್ತಿ ಕರಗಿಸಿದರೆ ಶೇಕಡಾ 1.5ರಷ್ಟು ಇಂಗಾಲವಿರುವ ಉಕ್ಕಿನ ಗಟ್ಟಿ ದೊರೆಯುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಈ ಗಟ್ಟಿಗಳು ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ತಲುಪಿ, ಅಲ್ಲಿನ ಕಮ್ಮಾರರ ಕೈಯಲ್ಲಿ ಕತ್ತಿಗಳಾದವು. ಉಕ್ಕಿನೊಳಗೆ ಕಬ್ಬಿಣ ಮತ್ತು ಇಂಗಾಲ ಕೂಡಿ ಆದ ಗಟ್ಟಿ ಕಣಗಳು ಸಾಲುಗಟ್ಟಿ ನಿಂತಾಗ ಮೂಡುವ ಗೆರೆಗಳೇ ಆ ಅಲಗಿನ ಅಲೆ.

ಈ ಕತ್ತಿಗಳ ಕೀರ್ತಿಯಲ್ಲಿ ಎಷ್ಟು ಪಾಲು ಕುಲುಮೆಯದು, ಎಷ್ಟು ಪಾಲು ಕಾದಂಬರಿಯದು ಎಂದು ವಿಚಾರಿಸಿದವರು ಕಡಿಮೆ. ಸುಲ್ತಾನ್ ಸಲಾದಿನ್ ತನ್ನ ಕತ್ತಿಯಿಂದ ತೆಳು ವಸ್ತ್ರವನ್ನು ಗಾಳಿಯಲ್ಲೇ ಎರಡಾಗಿಸಿದ ಪ್ರಸಂಗವನ್ನು ಚಾಕುಪ್ರಿಯರು ಇತಿಹಾಸವೆಂಬಂತೆ ಉಲ್ಲೇಖಿಸುತ್ತಾರೆ. ಅದು ಬಂದಿರುವುದು ವಾಲ್ಟರ್ ಸ್ಕಾಟ್ 1825ರಲ್ಲಿ ಪ್ರಕಟಿಸಿದ ‘ದ ಟ್ಯಾಲಿಸ್ಮನ್’ ಕಾದಂಬರಿಯಿಂದ. ಸಲಾದಿನ್ ತೀರಿಕೊಂಡದ್ದು 1193ರಲ್ಲಿ. ಕೆಂಪಗೆ ಕಾದ ಕತ್ತಿಯನ್ನು ಗುಲಾಮನ ಹೊಟ್ಟೆಗೆ ಇರಿದು ಹದ ಹಾಕುತ್ತಿದ್ದರೆಂಬ ಕಥೆಯೂ ಇದೇ ಜಾತಿಯದು. ಅದನ್ನು ಓದಿ ಮೈನವಿರೇಳಿಸಿಕೊಳ್ಳುವವರು, ಎಣ್ಣೆಯೋ ನೀರೋ ಮಾಡುವ ಕೆಲಸಕ್ಕೆ ಮನುಷ್ಯ ಏಕೆ ಬೇಕೆಂದು ಕೇಳಿಕೊಳ್ಳುವುದಿಲ್ಲ.

‘ಕಳೆದುಹೋದ ರಹಸ್ಯ’ವೂ ಈಗ ರಹಸ್ಯವಾಗಿ ಉಳಿದಿಲ್ಲ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೋವೆನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ವರ್ಷಗಟ್ಟಲೆ ಒಟ್ಟಿಗೆ ದುಡಿದು, ಅದೇ ಬಗೆಯ ಉಕ್ಕನ್ನು ಮತ್ತೆ ಮಾಡಿ ತೋರಿಸಿದರು. ಅದಿರಿನಲ್ಲಿ ತಾನಾಗಿ ಬೆರೆತಿದ್ದ ವನೇಡಿಯಂನಂಥ ಧಾತುಗಳ ತೀರ ಅಲ್ಪ ಅಂಶವೇ ಗೆರೆಗಳಿಗೆ ಕಾರಣವೆಂದು 1998ರ ಅವರ ಪ್ರಬಂಧ ಹೇಳಿತು. ಇನ್ನೂ ಸ್ವಾರಸ್ಯದ ಸಂಗತಿ ಬಂದದ್ದು 2008ರಲ್ಲಿ. ಇದೇ ಜೋಡಿ ವೂಟ್ಜ್ ಅಲಗನ್ನು ಇಂದಿನ ಉಕ್ಕುಗಳ ಪಕ್ಕದಲ್ಲಿಟ್ಟು, ಯಾವುದು ಎಷ್ಟು ಕೊಯ್ಯುತ್ತದೆಂದು ಅಳೆಯಿತು. ಮೆದುವಾಗಿ ಬಿಟ್ಟ ಅಲಗುಗಳ ಸಾಲಿನಲ್ಲಿ ವೂಟ್ಜ್ ಸ್ವಲ್ಪ ಮುಂದಿತ್ತು. ಚಾಕುವಿಗೆ ಬೇಕಾದ ಗಡಸುತನಕ್ಕೆ ಏರಿಸಿದಾಗ ಮಾತ್ರ, ಶೇವಿಂಗ್ ಬ್ಲೇಡುಗಳಿಗೆಂದು ರೂಪಿಸಿದ ಎಇಬಿ-ಎಲ್ ಎಂಬ ಸ್ಟೇನ್‌ಲೆಸ್ ಉಕ್ಕು ಅದನ್ನು ಸಲೀಸಾಗಿ ಹಿಂದೆ ಹಾಕಿತು. ಗಡ್ಡ ಹೆರೆಯುವ ಬ್ಲೇಡಿನ ಉಕ್ಕಿನ ಮುಂದೆ ದಂತಕಥೆ ಸೋತ ಈ ಸುದ್ದಿ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಬದಲಿಗೆ ಎಲ್ಲೆಡೆ ಓಡಾಡುವುದು 2006ರ ಸುದ್ದಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೀಟರ್ ಪೌಫ್ಲರ್ ತಂಡ ಹಳೆಯ ಡಮಾಸ್ಕಸ್ ಕತ್ತಿಯೊಂದರ ಚೂರಿನಲ್ಲಿ ಇಂಗಾಲದ ನ್ಯಾನೋಕೊಳವೆಗಳನ್ನು ಕಂಡಿತು. ಅಲ್ಲಿಂದ ‘ನಮ್ಮ ಪೂರ್ವಜರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು’ ಎಂಬ ಸಂದೇಶಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಹೆಜ್ಜೆ. ಮೂಸೆಯ ಕಾವನ್ನು ಬಣ್ಣ ನೋಡಿಯೇ ಅಳೆದು, ಇಂಥ ಉಕ್ಕು ತೆಗೆದವರ ಜಾಣ್ಮೆ ದೊಡ್ಡದೇ. ಸೂಕ್ಷ್ಮದರ್ಶಕವಿಲ್ಲದೆ ಕಾಣದ ಕೊಳವೆಯನ್ನು ಅವರ ತಲೆಗೆ ಕಟ್ಟಿದರೆ ಆ ಜಾಣ್ಮೆಗೆ ಗೌರವವೇನೂ ಹೆಚ್ಚುವುದಿಲ್ಲ. ಹೆಮ್ಮೆಗೆ ಸುಳ್ಳಿನ ಊರುಗೋಲು ಬೇಕೆನಿಸುವ ಈ ಚಾಳಿ ಚಾಕುವಿಗಷ್ಟೇ ನಿಂತಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವುದೇ.

ಇನ್ನು ಇಂದಿನ ಬೇಟೆಚಾಕುಗಳ ಡಮಾಸ್ಕಸ್. ಅದಕ್ಕೂ ವೂಟ್ಜ್‌ಗೂ ನೆಂಟಸ್ತಿಕೆಯೇ ಇಲ್ಲ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬಡಿದು ಒಂದಾಗಿಸಿ, ಮಡಚಿ ಮತ್ತೆ ಬಡಿಯುವ ಪದರದ ಬೆಸುಗೆ ಇದು. ಅಮೆರಿಕದಲ್ಲಿ ಇದಕ್ಕೆ ಮರುಜೀವ ಕೊಟ್ಟವನು ಬಿಲ್ ಮೊರಾನ್. 1973ರಲ್ಲಿ ಆತ ಇಂಥ ಚಾಕುಗಳನ್ನು ಪ್ರದರ್ಶನಕ್ಕಿಟ್ಟ ಮೇಲೆ ಈ ಕಲೆ ಹಬ್ಬಿತು. ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ವಿವರಣೆಯೆಂದರೆ, ಗಟ್ಟಿ ಪದರ ಹರಿತ ಕೊಡುತ್ತದೆ, ಮೆದು ಪದರ ಮುರಿಯದಂತೆ ಕಾಯುತ್ತದೆ ಎಂಬುದು. ಕೇಳಲು ಚೆನ್ನ. ಆದರೆ ಹೆಚ್ಚಾಗಿ ಬಳಸುವ ಜೋಡಿ 1084 ಮತ್ತು 15ಎನ್20 ಎಂಬ ಉಕ್ಕುಗಳು. ಮೊದಲನೆಯದರಲ್ಲಿ ಇಂಗಾಲ ಶೇಕಡಾ 0.84, ಎರಡನೆಯದರಲ್ಲಿ 0.75ರ ಆಸುಪಾಸು. ಆರಂಭದಲ್ಲೇ ಇಷ್ಟು ಸಮಸಮ. ವ್ಯತ್ಯಾಸ ಹೆಚ್ಚಿರುವ ಉಕ್ಕುಗಳನ್ನು ಆರಿಸಿಕೊಂಡರೂ, ಬೆಸುಗೆಯ ಬಿಳಿಗಾವಿನಲ್ಲಿ ತೆಳು ಪದರಗಳ ನಡುವೆ ಇಂಗಾಲ ನಿಮಿಷಗಳಲ್ಲೇ ಹರಿದು ಸಮನಾಗುತ್ತದೆ. ಹರಿಯದೆ ನಿಲ್ಲುವುದು 15ಎನ್20ಯಲ್ಲಿರುವ ಶೇಕಡಾ 2ರಷ್ಟು ನಿಕ್ಕಲ್. ಅಲಗನ್ನು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ನಿಕ್ಕಲ್ ಪದರ ಹೊಳಪಾಗಿ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಕಣ್ಣಿಗೆ ಕಾಣುವ ಅಲೆ ಇಷ್ಟೇ: ನಿಕ್ಕಲ್ ಎಲ್ಲಿದೆ, ಎಲ್ಲಿಲ್ಲ ಎಂಬುದರ ನಕ್ಷೆ. ಅದನ್ನು ನೋಡಿ ಚಾಕುವಿನ ಗುಣ ನಿರ್ಧರಿಸುವುದು ಸೀರೆಯ ಅಂಚು ನೋಡಿ ನೇಯ್ಗೆಯ ಬಾಳಿಕೆ ಹೇಳಿದಂತೆ.

ಒಳ್ಳೆಯ ಕಮ್ಮಾರ ಮಾಡಿದ ಪದರದ ಚಾಕು ಸುಂದರವೂ ಹೌದು, ಉಪಯುಕ್ತವೂ ಹೌದು. ಅದಕ್ಕೆ ಬೆಲೆ ಕೊಡುವುದು ಕೈಕೆಲಸದ ಅಂದಕ್ಕಾಗಿ ಎಂದು ತಿಳಿದಿದ್ದರೆ ತಕರಾರಿಲ್ಲ. ತಕರಾರಿರುವುದು ಊಟದ ಬಿಲ್ಲಿನಷ್ಟು ದುಡ್ಡಿಗೆ ಆನ್‌ಲೈನ್‌ನಲ್ಲಿ ಸಿಗುವ ‘ಅಸಲಿ ಡಮಾಸ್ಕಸ್’ ಬಗ್ಗೆ. ಯಾವ ಉಕ್ಕೆಂದು ಕೇಳಿದರೆ ಉತ್ತರವಿಲ್ಲ. ಪದರಗಳ ನಡುವೆ ಬೆಸುಗೆ ಕೂಡದ ಬಿರುಕು. ಕೆಲವಕ್ಕೆ ಹದವನ್ನೇ ಹಾಕಿರುವುದಿಲ್ಲ. ಇನ್ನು ಕೆಲವು ಬರೀ ಸಾದಾ ಸ್ಟೇನ್‌ಲೆಸ್ ಪಟ್ಟಿಯ ಮೇಲೆ ಲೇಸರಿನಿಂದ ಗೀಚಿದ ಚಿತ್ರ. ಇದನ್ನು ಪತ್ತೆ ಹಚ್ಚುವುದು ಸುಲಭ. ಹಿಡಿಯ ಬಳಿಯ ಒಂದು ಮೂಲೆಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಫೆರಿಕ್ ಕ್ಲೋರೈಡ್ ಹಚ್ಚಬೇಕು. ಪದರವಿದ್ದರೆ ಗೆರೆ ತಿರುಗಿ ಮೂಡುತ್ತದೆ, ಚಿತ್ರವಾಗಿದ್ದರೆ ಇಲ್ಲ.

ಹಾಗಾದರೆ ಚಾಕುವನ್ನು ಚಾಕುವಾಗಿಸುವುದು ಯಾವುದು? ಹದ ಮತ್ತು ಆಕಾರ. ಎರಡೂ ಫೋಟೋದಲ್ಲಿ ಕಾಣುವುದಿಲ್ಲ; ಆದ್ದರಿಂದಲೇ ಯಾರೂ ಅವುಗಳ ಮಾತೆತ್ತುವುದಿಲ್ಲ. 1084 ಉಕ್ಕನ್ನು ಸುಮಾರು 815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಷ್ಟು ಬಿರುಸಾಗುತ್ತದೆ, ಕೈಜಾರಿ ಬಿದ್ದರೆ ಒಡೆಯಬಹುದು. ಅದನ್ನು ಸುಮಾರು 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಬೇಯಿಸಿದಾಗ ಬಿರುಸು ಇಳಿದು ಹದ ಕೂಡುತ್ತದೆ. ಎಣ್ಣೆಯಲ್ಲಿ ಅದ್ದುವ ಮುಂಚಿನ ಕಾವು ಐವತ್ತು ಡಿಗ್ರಿ ಹೆಚ್ಚಾದರೆ ಉಕ್ಕಿನ ಕಣ ದಪ್ಪವಾಗಿ ಬಾಯಿ ಚಕ್ಕೆ ಏಳುತ್ತದೆ; ಕಡಿಮೆಯಾದರೆ ಹರಿತ ನಿಲ್ಲುವುದಿಲ್ಲ. ಆಕಾರದ ವಿಷಯವೂ ಅಷ್ಟೇ ಸೂಕ್ಷ್ಮ. ಬಾಯಿಯ ಹಿಂದೆಯೇ ಅಲಗು ಅರ್ಧ ಮಿಲಿಮೀಟರಿನಷ್ಟು ತೆಳ್ಳಗಿದ್ದರೆ ಚಾಕು ತೊಗಲಿನಡಿ ಸಲೀಸಾಗಿ ಓಡುತ್ತದೆ; ಒಂದು ಮಿಲಿಮೀಟರ್ ದಾಟಿದರೆ ಎಂಥ ಉಕ್ಕಾದರೂ ಕೊಯ್ಯುವ ಬದಲು ಸೀಳುತ್ತದೆ.

ಸುತ್ತಿಗೆಯಲ್ಲಿ ಬಡಿದ ಅಲಗು ಉಜ್ಜಿ ಮಾಡಿದ್ದಕ್ಕಿಂತ ಗಟ್ಟಿ, ಬಡಿದಷ್ಟೂ ಬಾಯಿಯ ಉಕ್ಕು ‘ಒತ್ತಾಗುತ್ತದೆ’ ಎಂಬುದೂ ಪೊಳ್ಳೇ. ಹದಕ್ಕೆಂದು ಮತ್ತೆ ಕಾಯಿಸಿದ ಕ್ಷಣ ಬಡಿತದ ಗುರುತೆಲ್ಲ ಅಳಿಸಿಹೋಗುತ್ತದೆ. ಅಮೆರಿಕದ ಬೇಟೆಚಾಕುವಿನ ರೂಪವನ್ನೇ ಬದಲಿಸಿದ ಬಾಬ್ ಲವ್‌ಲೆಸ್ ಹೆಸರಾದದ್ದು ಉಕ್ಕಿನ ಪಟ್ಟಿಯನ್ನು ಕತ್ತರಿಸಿ, ಯಂತ್ರಕ್ಕೆ ಹಿಡಿದು ಉಜ್ಜಿದ ಚಾಕುಗಳಿಂದ. ಅವು ಇಂದು ಸಾವಿರಾರು ಡಾಲರಿಗೆ ಬಿಕರಿಯಾಗುತ್ತವೆ. ಆತ ಜನಪ್ರಿಯಗೊಳಿಸಿದ ಅಲಗಿನ ಮೊನೆ ಬೆನ್ನಿನ ಮಟ್ಟಕ್ಕಿಂತ ಕೆಳಗೆ ಇಳಿದಿರುತ್ತದೆ. ಜಿಂಕೆಯ ಹೊಟ್ಟೆ ತೆರೆಯುವಾಗ ಮೊನೆ ಕರುಳಿಗೆ ಚುಚ್ಚಿ ಮಾಂಸ ಹೊಲಸಾಗಬಾರದೆಂಬುದೇ ಅದರ ಉದ್ದೇಶ. ನಾಲ್ಕಿಂಚಿನ ಅಲಗು ಈ ಕೆಲಸಕ್ಕೆ ಧಾರಾಳವಾಯಿತು. ಬೆನ್ನಿಗೆ ಗರಗಸದ ಹಲ್ಲು, ಹಿಡಿಯೊಳಗೆ ಬೆಂಕಿಕಡ್ಡಿ ಇಟ್ಟ ಗದೆಯಂಥ ಚಾಕುಗಳ ಹುಚ್ಚು ಹತ್ತಿದ್ದು 1982ರ ರ‍್ಯಾಂಬೋ ಸಿನಿಮಾದಿಂದ, ಬೇಟೆಗಾರರಿಂದಲ್ಲ.

ಉಳಿದ ತಪ್ಪು ನಂಬಿಕೆಗಳನ್ನು ಬೇಗ ಮುಗಿಸಬಹುದು. ಅಲಗಿನ ಪಕ್ಕದ ಉದ್ದನೆಯ ತೋಡು ರಕ್ತ ಹರಿಯಲಿಕ್ಕೂ ಅಲ್ಲ, ಗಾಳಿಯಾಡಿ ಚಾಕು ಸುಲಭವಾಗಿ ಹೊರಬರಲಿಕ್ಕೂ ಅಲ್ಲ. ಉದ್ದ ಕತ್ತಿಯಲ್ಲಿ ಅದು ತೂಕ ಇಳಿಸುತ್ತದೆ, ಸಣ್ಣ ಚಾಕುವಿನಲ್ಲಿ ಬರೀ ಅಲಂಕಾರ. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಅಲಗನ್ನು 90 ಡಿಗ್ರಿ ಬಗ್ಗಿಸುತ್ತಾರೆಂದು ಒಳ್ಳೆಯ ಚಾಕು ಬಾಗಲೇಬೇಕೆಂದಿಲ್ಲ. ಅಲ್ಲಿ ಅಳೆಯುವುದು ಕಮ್ಮಾರನಿಗೆ ಹದದ ಮೇಲಿರುವ ಹಿಡಿತವನ್ನು. ಲಾರಿಯ ಕಮಾನುಪಟ್ಟಿಯ ಉಕ್ಕು ಕತ್ತಿಗೆ ಒಳ್ಳೆಯದೇ, ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕಾಣದ ಬಿರುಕುಗಳಿರಬಹುದು. ಸ್ಟೇನ್‌ಲೆಸ್ ತಡವಾಗಿ ತುಕ್ಕು ಹಿಡಿಯುತ್ತದೆ, ಹಿಡಿಯುವುದೇ ಇಲ್ಲವೆಂದಲ್ಲ. ಚರ್ಮದ ಒರೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಲು. ಅದರೊಳಗೇ ಚಾಕುವನ್ನು ಮಳೆಗಾಲವಿಡೀ ಬಿಟ್ಟರೆ ಚರ್ಮ ಹೀರಿಕೊಂಡ ತೇವವೇ ಅಲಗನ್ನು ತಿನ್ನುತ್ತದೆ. ಸಾಣೆ ಬೇಡದ ಚಾಕು ಈವರೆಗೆ ಎಲ್ಲೂ ಹುಟ್ಟಿಲ್ಲ.

ಕೊನೆಯ ತಪ್ಪು ಕಲ್ಪನೆ ಕಾನೂನಿನದು. ಚಾಕು ಇದ್ದರೆ ಲೈಸೆನ್ಸ್ ಬೇಕೇ ಬೇಕು ಎನ್ನುವವರೂ ಇದ್ದಾರೆ, ಏನಿದ್ದರೂ ಯಾರೂ ಕೇಳುವುದಿಲ್ಲ ಎನ್ನುವವರೂ ಇದ್ದಾರೆ. ಭಾರತದ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಪಟ್ಟಿ ಮಾಡುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವುದನ್ನು. ಮನೆಗೆಲಸ ಮತ್ತು ಬೇಸಾಯದ ಕತ್ತಿಗಳನ್ನು ಅದರಿಂದ ಹೊರಗಿಟ್ಟಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇರುವುದನ್ನು ಬೇಟೆಯ ಪರವಾನಗಿಯೆಂದು ಭಾವಿಸುವ ಹೊರಗಿನವರು ಇಂದಿಗೂ ಇದ್ದಾರೆ. ಆ ವಿನಾಯಿತಿ ಆಯುಧ ಇಟ್ಟುಕೊಳ್ಳಲು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ, ಚಾಕು ಎಂಥದೇ ಆಗಿರಲಿ. ಭಾರತದಲ್ಲಿ ಬೇಟೆಚಾಕು ಕೊಳ್ಳುವವರು ಅದನ್ನು ತೋಟದಲ್ಲಿ, ಅಡುಗೆಮನೆಯಲ್ಲಿ, ಚಾರಣದಲ್ಲಿ ಬಳಸಬಹುದು. ಕೊಳ್ಳುವ ಮುನ್ನ ಅಲೆ ಎಷ್ಟಿದೆ ಎಂದು ಎಣಿಸದೆ, ಯಾವ ಉಕ್ಕು, ಹದ ಹಾಕಿದ್ದು ಹೇಗೆ ಎಂದು ಮಾಡಿದವನನ್ನೇ ಕೇಳಬೇಕು. ಉತ್ತರ ಬರದಿದ್ದರೆ ಆ ಚಾಕು ಕೊಳ್ಳಬೇಕಾಗಿಲ್ಲ.