ಗಣಿಯ ಚಂದ್ರ, ರೈಲಿನ ವಡೆ

ಮದ್ದೂರು ತಾಲ್ಲೂಕಿಗೆ ಹೊರಗಿನವರನ್ನು ಕರೆತರುವ ಆಸೆಗಳು ಎರಡು. ಒಂದು, ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನು ಕಾಣುವುದು. ಇನ್ನೊಂದು, ಮದ್ದೂರು ವಡೆಯನ್ನು ಸವಿಯುವುದು. ಹಕ್ಕಿಗಳ ವಿಷಯವಾಗಿ ಪಂಡಿತರು ಬರೆದಿದ್ದಾರೆ. ವಡೆಯನ್ನಾದರೋ ತಿಂದು ಕೈಯೊರಸಿಕೊಂಡವರೇ ಹೆಚ್ಚು.

ಈ ವಡೆ ಹುಟ್ಟಿದ್ದು 1917ರಲ್ಲಿ ಎಂದು ಹೇಳುತ್ತಾರೆ. ಕುಂದಾಪುರದ ಕಡೆಯ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದರಂತೆ. ಒಂದು ದಿನ ಗಾಡಿ ಬರುವ ಹೊತ್ತಾಯಿತು. ಉಂಡೆಗಳು ಬೇಯುವಷ್ಟು ವ್ಯವಧಾನವಿಲ್ಲ. ಹಿಟ್ಟನ್ನು ತಟ್ಟಿ ಚಪ್ಪಟೆಮಾಡಿ ಎಣ್ಣೆಗೆ ಬಿಟ್ಟರು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿಬೇವುಗಳ ಆ ತಿಂಡಿ ಗರಿಗರಿಯಾಗಿ ಬೆಂದಿತು. ಪ್ರಯಾಣಿಕನ ಪೊಟ್ಟಣದಲ್ಲಿ ಊರು ಸೇರುವವರೆಗೆ ಕೆಡದೆ ಉಳಿಯಿತು.

ಸೋಜಿಗವೆಂದರೆ, ಅದೇ 1917ರಲ್ಲಿಯೇ ಅಮೆರಿಕದ ಟೆನೆಸೀ ಸಂಸ್ಥಾನದ ಚಟ್ಟನೂಗ ನಗರದ ಬೇಕರಿಯೊಂದು ‘ಮೂನ್ ಪೈ’ಯನ್ನು ಹೊರತಂದಿತು. ಎರಡು ದುಂಡು ಬಿಸ್ಕತ್ತುಗಳ ನಡುವೆ ಮಾರ್ಷ್‌ಮೆಲ್ಲೋ, ಎಂದರೆ ಕಡೆದು ಹಗುರಾಗಿಸಿದ ಸಕ್ಕರೆಯ ಮೆತ್ತನೆಯ ಮಿಠಾಯಿ. ಮೇಲೆ ಚಾಕಲೇಟಿನ ಲೇಪ. ಎಷ್ಟು ದೊಡ್ಡ ತಿಂಡಿ ಬೇಕೆಂದು ಬೇಕರಿಯ ಮಾರಾಟಗಾರನು ಕೇಳಿದಾಗ, ಕಲ್ಲಿದ್ದಲ ಗಣಿಯ ಕೂಲಿಗಾರನೊಬ್ಬನು ಕೈಗಳಿಂದ ಆಕಾಶದ ಚಂದ್ರನನ್ನು ಅಳೆದು ತೋರಿಸಿದನೆಂಬುದು ಐತಿಹ್ಯ.

ಎರಡು ಕಥೆಗಳಲ್ಲಿಯೂ ನಾಯಕನು ಒಬ್ಬನೇ: ಊಟಕ್ಕೆ ಬಿಡುವಿಲ್ಲದ ಹಸಿದ ಮನುಷ್ಯ. ಆದರೆ ಮುಂದಿನ ದಾರಿ ಬೇರೆ. ಅಮೆರಿಕದ ದಕ್ಷಿಣದ ಜನ ಮೂನ್ ಪೈಯನ್ನು ಆರ್.ಸಿ. ಕೋಲಾ ಪಾನೀಯದೊಡನೆ ಜೋಡಿಸಿ ದುಡಿಯುವವನ ಊಟವೆಂದರು. 1951ರಲ್ಲಿ ಬಿಗ್ ಬಿಲ್ ಲಿಸ್ಟರ್ ಈ ಜೋಡಿಯನ್ನು ಕುರಿತು ಹಾಡಿದನು. ಮೊಬೀಲ್ ನಗರದ ಮಾರ್ಡಿ ಗ್ರಾ ಉತ್ಸವದ ತೇರುಗಳಿಂದ ಅದನ್ನು ಜನರತ್ತ ಎಸೆಯುತ್ತಾರೆ. ಹೀಗೆ ತಿಂಡಿಯೊಂದಿಗೆ ಗಣಿಯವನ ಹಸಿವೂ ಜನರ ನೆನಪಿನಲ್ಲಿ ಉಳಿಯಿತು.

ನಮ್ಮ ವಡೆಗೆ ಒಡೆಯನಿಲ್ಲ. ಅದರ ಹೆಸರಿನಲ್ಲಿರುವುದು ಊರು ಮಾತ್ರ. ಗಾಡಿ ನಿಂತುದರಿಂದ ಹುಟ್ಟಿದ ತಿಂಡಿಯದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಮದ್ದೂರಿನಲ್ಲಿ ನಿಲ್ಲದೆ ಸಾಗುತ್ತದೆ. ವಡೆಯೇನೋ ಬೆಂಗಳೂರಿನ ಹೋಟೆಲುಗಳಲ್ಲಿಯೂ ದೊರೆಯುವುದು. ಆದರೆ ಕಾರು ನಿಲ್ಲದ ಊರಿನಲ್ಲಿ ಬಾಣಲೆಯ ಮುಂದೆ ನಿಂತವನ ಗತಿಯೇನು?

ಹೆದ್ದಾರಿಯನ್ನು ತಿರುಗಿಸುವುದು ನಮ್ಮಂಥವರ ಕೈಯಲ್ಲಿಲ್ಲ. ಹಳೆಯ ನಿಲ್ದಾಣದಲ್ಲಿ ವಡೆ ಹೊತ್ತು ಕೂಗಿದವರ ಮಾತುಗಳನ್ನು ಕೇಳಿ ಬರೆದಿಡುವುದು ನಮ್ಮ ಕೈಯಲ್ಲಿದೆ. ಮೈಸೂರು ಸೀಮೆಯ ವಿದ್ಯಾರ್ಥಿಗಳಿಗೆ ಜಾನಪದವನ್ನು ಅರಸಿ ಬಹುದೂರ ಹೋಗಬೇಕಾದ ಅಗತ್ಯವಿಲ್ಲ. ಮದ್ದೂರಿನಲ್ಲಿ ಇಳಿದರೆ ಸಾಕು.