ನೋಯದ ಗಾಯವೇ ಅಪಾಯದ ಗಾಯ

ಕಾಲಿನ ಗಾಯ ತೋಟದವರಿಗೆ ಹೊಸದೇನಲ್ಲ. ಮುಳ್ಳು, ಕತ್ತಿಯ ಏಟು, ಮಳೆಗಾಲದ ಇಂಬಳದ ಕಡಿತ, ಬೆರಳ ಸಂದಿಯ ಕೆಸರುಹುಣ್ಣು ಇವನ್ನೆಲ್ಲ ಲೆಕ್ಕಿಸದೆ ಕೆಲಸ ಸಾಗಿಸುವುದು ನಮ್ಮ ರೂಢಿ. ಆದರೆ ಸಕ್ಕರೆ ಕಾಯಿಲೆ ಇರುವವರು ಈ ರೂಢಿಯನ್ನು ಬಿಡಲೇಬೇಕು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಕ್ರಮೇಣ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ರಕ್ತ ಸಂಚಾರವೂ ಕುಂದಬಹುದು. ಹೀಗಾಗಿ ಗಾಯ ಮೂಳೆಯವರೆಗೆ ಇಳಿದಿದ್ದರೂ ನೋವು ತಿಳಿಯದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಪಾದದ ಹುಣ್ಣು ಮಾಯದಿರಲು ಮುಖ್ಯ ಕಾರಣವನ್ನು ತೋರಿಸಿಕೊಟ್ಟರು: ನೋವು ಅರಿಯದ ಜಾಗದ ಮೇಲೆ ಪದೇ ಪದೇ ಭಾರ ಬೀಳುವುದು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಈ ಮಾತು ಅನ್ವಯಿಸುತ್ತದೆ. ಮುಲಾಮು ಎಷ್ಟೇ ಒಳ್ಳೆಯದಾಗಿರಲಿ, ಗಾಯದ ಮೇಲೆ ನಡೆದರೆ ಅದು ಮಾಯದು.

ಗಾಯ ಎಷ್ಟು ಚಿಕ್ಕದಾದರೂ ಅಂದೇ, ತಪ್ಪಿದರೆ ಮರುದಿನವೇ ವೈದ್ಯರಿಗೆ ತೋರಿಸಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿರಿ. ಬಳಿಕ ಮನೆಯಲ್ಲಿ ಶುಶ್ರೂಷೆ ಮಾಡುವವರು ಗಮನಿಸಬೇಕಾದ ಅಂಶಗಳು:

1. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಗಾಯವನ್ನು ಸಲೈನ್‌ನಿಂದ, ಇಲ್ಲವೇ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಶುದ್ಧ ಗಾಜ್ ಬಟ್ಟೆಯಿಂದ ಮುಚ್ಚಿ ಸಡಿಲವಾಗಿ ಕಟ್ಟಿರಿ.

2. ಕಾಫಿಪುಡಿ, ಸುಣ್ಣ, ಅರಿಶಿನ ಹಚ್ಚಬಾರದು. ಒಡೆದ ಹಿಮ್ಮಡಿಗೆ ಗೇರೆಣ್ಣೆ ಸುತರಾಂ ಕೂಡದು, ಅದು ಚರ್ಮ ಸುಡುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ.

3. ಕಾಲನ್ನು ಬಿಸಿನೀರಿನಲ್ಲಿ ನೆನೆಸಬೇಡಿ. ಬೆಂಕಿಯ ಬಳಿ ಕಾಯಿಸಬೇಡಿ. ಬೊಬ್ಬೆ ಎದ್ದರೂ ತಿಳಿಯದು.

4. ಬಿಚ್ಚಿದ ಪಟ್ಟಿಯನ್ನು ನೋಡಿ ಎಸೆಯಿರಿ. ಕೀವು, ದುರ್ವಾಸನೆ, ಹರಡುವ ಕೆಂಪು, ಬಾವು, ಕಪ್ಪಾಗುವಿಕೆ, ಜ್ವರ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೆರಡು ದಿನದ ವಿಳಂಬದಿಂದ ಬೆರಳು, ಪಾದ, ಕೆಲವೊಮ್ಮೆ ಜೀವವೇ ಹೋಗಬಹುದು.

5. ಸಕ್ಕರೆಯ ಔಷಧ ತಪ್ಪಿಸಬಾರದು. ಬೀಡಿ, ಹೊಗೆಸೊಪ್ಪು ಬಿಡಬೇಕು.

ಗಾಯವಿಲ್ಲದವರೂ ಪ್ರತಿ ಸಂಜೆ ಪಾದದ ಅಡಿಭಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬೆರಳ ಸಂದಿಯನ್ನು ಒಣಗಿಸಬೇಕು. ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬಾರದು. ಗಂಬೂಟನ್ನು ಕೊಡವಿ, ಒಳಗೆ ಕೈಯಾಡಿಸಿಯೇ ಹಾಕಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ನಾವು ಬೆಳೆಗಾರರು ನಾಲ್ಕು ವಾರ ಕಾಲು ಚಾಚಿ ಕುಳಿತರೆ ಊಟಕ್ಕೆ ಕೊರತೆಯಾಗದು. ಲೈನುಮನೆಯ ಕಾರ್ಮಿಕರ ಸ್ಥಿತಿ ಹಾಗಲ್ಲ. ಸಂಬಳ ತಪ್ಪೀತೆಂಬ ಭಯದಿಂದ ಅವರು ಗಾಯವನ್ನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ. ಅಂಥವರಿಗೆ ಸಂಬಳ ಸಹಿತ ರಜೆ ಕೊಟ್ಟು, ವೈದ್ಯರು ಒಪ್ಪಿದ ಮೇಲೆ ಅಡಿಕೆ ಆರಿಸುವಂಥ ಕುಳಿತು ಮಾಡುವ ಕೆಲಸ ಕೊಡಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಒಂದು ತಿಂಗಳ ಸಂಬಳ ಒಂದು ಕಾಲಿಗಿಂತ ದೊಡ್ಡದಲ್ಲ.