37ನೆಯ ಊರು ಕೊಲಂಬಿಯಾ

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ನಾವಿಬ್ಬರೂ ಅಮೆರಿಕಕ್ಕೆ ಹೋಗಿದ್ದೆವು. ಅಟ್ಲಾಂಟಾದಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಮೂರೂವರೆ ಗಂಟೆ ಸಾಗಿದರೆ ಸೌತ್ ಕೆರೊಲಿನಾದ ರಾಜಧಾನಿ ಕೊಲಂಬಿಯಾ. ಈ ಊರು ಒಂದು ಕಾಲಕ್ಕೆ ತನ್ನನ್ನು ತಾನೇ 'ಫೇಮಸ್ಲಿ ಹಾಟ್' ಎಂದು ಜಾಹೀರಾತು ಮಾಡಿಕೊಂಡಿತ್ತಂತೆ. ಮೂವತ್ತು ವರ್ಷ ದುಬೈ ಬಿಸಿಲು ತಿಂದ ನಮಗೆ ನಗು ಬಂತು. ಜುಲೈ ತಿಂಗಳ ಮಧ್ಯಾಹ್ನ ಅಂಗಳಕ್ಕೆ ಬಟ್ಟೆ ಒಣಹಾಕಲು ಹೋದವರು ನಾವಿಬ್ಬರೇ.

ಊರಿನ ಹೆಸರು ಕೇಳಿದಾಗಿನಿಂದಲೂ ನಮ್ಮಲ್ಲೊಬ್ಬರಿಗೆ ಇನ್ನೊಂದು ಕುತೂಹಲವಿತ್ತು. ನಮ್ಮಿಬ್ಬರಲ್ಲಿ ಒಬ್ಬರು ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸಿದವರು, ಇನ್ನೊಬ್ಬರು ಕಾಂಟ್ರಾಕ್ಟಿಂಗ್ ಕಂಪನಿಯ ಸಾರಿಗೆ ವಿಭಾಗ ನೋಡಿಕೊಂಡವರು. ಹನ್ನೆರಡನೇ ತರಗತಿಯ ಮಕ್ಕಳಿಗೆ ಲೀನಿಯರ್ ಪ್ರೋಗ್ರಾಮಿಂಗ್ ಪಾಠ ಮಾಡುವಾಗ ತೋರಿಸುತ್ತಿದ್ದ ಒಂದು ಹಳೆಯ ಪಟ್ಟಿಯಲ್ಲಿ ಈ ಕೊಲಂಬಿಯಾ ಇದೆ. ಅದರ ಸಂಖ್ಯೆ 37.

ಪಟ್ಟಿ 1954ರದು. ಒಬ್ಬ ಸೇಲ್ಸ್‌ಮನ್ ಅಮೆರಿಕದ ಆಗಿನ 48 ರಾಜ್ಯಗಳಲ್ಲಿ ಒಂದೊಂದು ಊರಿಗೂ, ಜೊತೆಗೆ ವಾಷಿಂಗ್ಟನ್ ಡಿ.ಸಿ.ಗೂ ಒಮ್ಮೊಮ್ಮೆ ಹೋಗಿ, ಹೊರಟಲ್ಲಿಗೇ ಮರಳಬೇಕು. ಅತಿ ಕಡಿಮೆ ದೂರದ ದಾರಿ ಯಾವುದು? ಕ್ಯಾಲಿಫೋರ್ನಿಯಾದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಜಾರ್ಜ್ ಡಾಂಟ್ಜಿಗ್, ರೇ ಫುಲ್ಕರ್ಸನ್, ಸೆಲ್ಮರ್ ಜಾನ್ಸನ್ ಎಂಬ ಮೂವರು ಇದನ್ನು ಬಿಡಿಸಿದರು. ವಾಷಿಂಗ್ಟನ್‌ನಿಂದ ಬಾಸ್ಟನ್‌ಗೆ ಹೋಗುವ ದಾರಿಯಲ್ಲೇ ಬಾಲ್ಟಿಮೋರ್, ನ್ಯೂಯಾರ್ಕ್ ಮುಂತಾದ ಏಳು ಊರುಗಳು ಸಿಗುವುದರಿಂದ ಅವನ್ನು ಬಿಟ್ಟು, 42 ಊರುಗಳ ಲೆಕ್ಕ ಮಾಡಿದರು. ಒಂದೊಂದಾಗಿ ಎಲ್ಲ ದಾರಿಗಳನ್ನೂ ಅಳೆದು ನೋಡೋಣವೆಂದರೆ ಆಗದು. 42 ಊರುಗಳನ್ನು ಸುತ್ತುವ ಬಗೆಗಳ ಸಂಖ್ಯೆಗೆ 50 ಅಂಕಿಗಳು.

ಅವರು ಮಾಡಿದ ಉಪಾಯ ಕೇಳಿ. ಮೊದಲು ಕಣ್ಣಂದಾಜಿನಲ್ಲೇ ಒಂದು ಒಳ್ಳೆಯ ದಾರಿ ಹಿಡಿದರು. ಆಮೇಲೆ ಲೆಕ್ಕಕ್ಕೆ ಒಂದೇ ಷರತ್ತು ಹಾಕಿದರು: ಪ್ರತಿ ಊರನ್ನೂ ಎರಡು ರಸ್ತೆಗಳು ಮುಟ್ಟಬೇಕು, ಒಂದು ಬರಲು, ಒಂದು ಹೋಗಲು. ಷರತ್ತು ಅಷ್ಟೇ ಆದರೆ ಲೆಕ್ಕ ಮೋಸ ಮಾಡುತ್ತದೆ. ನಾಲ್ಕು ಊರುಗಳದೇ ಒಂದು ಸಣ್ಣ ಸುತ್ತು, ಇನ್ನೈದರದು ಇನ್ನೊಂದು ಸುತ್ತು ಎಂದು ಬಿಡಿಬಿಡಿಯಾಗಿ ಉತ್ತರ ಕೊಡುತ್ತದೆ. ಹಾಗೆ ಬಂದಾಗ 'ಈ ನಾಲ್ಕು ಊರುಗಳಿಂದ ಹೊರಕ್ಕೆ ದಾರಿ ಇರಲೇಬೇಕು' ಎಂದು ಹೊಸ ಷರತ್ತು ಸೇರಿಸುವುದು, ಮತ್ತೆ ಬಿಡಿಸುವುದು. ಎಲ್ಲ ಷರತ್ತುಗಳನ್ನೂ ಮೊದಲೇ ಬರೆಯಬೇಕಿಲ್ಲ. ಉತ್ತರ ಎಲ್ಲಿ ತಪ್ಪುತ್ತದೋ ಅಲ್ಲಿ ಮಾತ್ರ ಬೇಲಿ ಹಾಕಿದರೆ ಸಾಕು. ಹೀಗೆ ಕೈಲೆಕ್ಕದಲ್ಲೇ 12,345 ಮೈಲಿಯ ದಾರಿಗಿಂತ ಚಿಕ್ಕದು ಇಲ್ಲವೆಂದು ಸಾಧಿಸಿದರು. ಸಂಖ್ಯೆ ಯಾರೋ ಬೇಕೆಂದೇ ಬರೆದಂತಿದೆ, ಆದರೆ ಬಂದದ್ದೇ ಅದು.

ಆ ದಾರಿಯ ಒಂದು ತುಂಡು ಹೀಗಿದೆ: ಅಟ್ಲಾಂಟಾ, ಜಾಕ್ಸನ್‌ವಿಲ್, ಕೊಲಂಬಿಯಾ, ರಾಲೀ, ರಿಚ್ಮಂಡ್, ವಾಷಿಂಗ್ಟನ್. ಜಾಕ್ಸನ್‌ವಿಲ್ ಒಂದನ್ನು ಬಿಟ್ಟರೆ ನಮ್ಮ ಪ್ರವಾಸವೂ ಅದೇ ದಾರಿಯಲ್ಲಿ ನಡೆಯಿತು. ಕೊಲಂಬಿಯಾದಿಂದ ವಾಷಿಂಗ್ಟನ್‌ಗೆ ಫೋನಿನ ಮ್ಯಾಪ್ ತೋರಿಸಿದ ದಾರಿ ರಾಲೀಯನ್ನು ಮುಟ್ಟುತ್ತಿರಲಿಲ್ಲ. ಆದರೆ ರಾಲೀಯಲ್ಲಿ ನಮ್ಮ ಶಾರ್ಜಾ ದಿನಗಳ ನೆರೆಮನೆಯವರಿದ್ದರು, ನೀರುದೋಸೆಗೆ ಅಕ್ಕಿ ನೆನೆಹಾಕಿಯೂ ಆಗಿತ್ತು. ಹೋಗದೆ ಇರುವುದು ಹೇಗೆ?

ಈ ಲೆಕ್ಕದ ಮೂಲ ಇರುವುದು ವಾಷಿಂಗ್ಟನ್ ಕಡೆಯಲ್ಲೇ. ಡಾಂಟ್ಜಿಗ್ ಪದವಿ ಪಡೆದದ್ದು 1936ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ತಂದೆ ಟೊಬಿಯಾಸ್ ಡಾಂಟ್ಜಿಗ್ ಅಲ್ಲೇ ಗಣಿತದ ಪ್ರಾಧ್ಯಾಪಕರು. (ಅದರ ಹತ್ತಿರದಲ್ಲೇ ಇನ್ನೊಂದು ಕೊಲಂಬಿಯಾ ಇದೆ, ಮೇರಿಲ್ಯಾಂಡಿನದು. ಟಿಕೆಟ್ ಮಾಡುವವರು ಎಚ್ಚರ!) ಯುದ್ಧ ಮುಗಿದ ಮೇಲೆ ಅವರು ಪೆಂಟಗನ್‌ನಲ್ಲಿ ವಾಯುಪಡೆಗೆ ಗಣಿತ ಸಲಹೆಗಾರರಾಗಿದ್ದರು. ತರಬೇತಿ, ಸರಬರಾಜು, ಸಾಗಾಟ ಇವುಗಳ ಯೋಜನೆಗೆ ಸೈನ್ಯದವರ ಮಾತಿನಲ್ಲಿ 'ಪ್ರೋಗ್ರಾಮ್' ಎಂದೇ ಹೆಸರು. ಲೀನಿಯರ್ ಪ್ರೋಗ್ರಾಮಿಂಗ್‌ನ 'ಪ್ರೋಗ್ರಾಮಿಂಗ್' ಬಂದದ್ದು ಅಲ್ಲಿಂದ, ಕಂಪ್ಯೂಟರಿನಿಂದಲ್ಲ. 1947ರಲ್ಲಿ ಅವರು ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು. ಇರುವ ಷರತ್ತುಗಳೆಲ್ಲ ಸೇರಿ ಹಲವು ಮೂಲೆಗಳ ಒಂದು ಆಕಾರವಾಗುತ್ತದೆ. ಒಂದು ಮೂಲೆಯಿಂದ ಅದಕ್ಕಿಂತ ಒಳ್ಳೆಯ ಪಕ್ಕದ ಮೂಲೆಗೆ ನಡೆಯುತ್ತಾ ಹೋದರೆ, ಇನ್ನು ಮುಂದೆ ಒಳ್ಳೆಯದು ಸಿಗದು ಎಂಬಲ್ಲಿ ಉತ್ತರ.

ವಿಧಾನವನ್ನು ಪರೀಕ್ಷಿಸಿದ ಮೊದಲ ದೊಡ್ಡ ಲೆಕ್ಕ ಊಟದ್ದು. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 77 ಆಹಾರ ಪದಾರ್ಥಗಳಲ್ಲಿ ಯಾವುದೆಷ್ಟು ತಿಂದರೆ ಒಂಬತ್ತು ಪೋಷಕಾಂಶಗಳು ಅತಿ ಅಗ್ಗದಲ್ಲಿ ಸಿಗುತ್ತವೆಂದು ಅಂದಾಜು ಮಾಡಿದ್ದರು: 1939ರ ಬೆಲೆಯಲ್ಲಿ ವರ್ಷಕ್ಕೆ 39.93 ಡಾಲರ್. ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಒಂಬತ್ತು ಗುಮಾಸ್ತರು ಕೈಯಂತ್ರ ಹಿಡಿದು ಸಿಂಪ್ಲೆಕ್ಸ್‌ನಿಂದ ಬಿಡಿಸಿದರು. ಎಲ್ಲರ ದುಡಿಮೆ ಸೇರಿಸಿದರೆ ಸುಮಾರು 120 ದಿನಗಳ ಕೆಲಸ. ಬಂದ ಉತ್ತರ 39.69 ಡಾಲರ್. ಸ್ಟಿಗ್ಲರ್ ಅಂದಾಜು ತಪ್ಪಿದ್ದು ಕಾಲು ಡಾಲರಿಗಿಂತ ಕಡಿಮೆ!

ಮುಂದೆ 1950ರ ದಶಕದಲ್ಲಿ ಡಾಂಟ್ಜಿಗ್‌ಗೆ ವೈದ್ಯರು ತೂಕ ಇಳಿಸಲು ಹೇಳಿದಾಗ, ಕಂಪ್ಯೂಟರ್ ಹೇಳಿದ್ದನ್ನೇ ತಿನ್ನುತ್ತೇನೆಂದು ಹೆಂಡತಿ ಆನ್‌ಗೆ ಮಾತು ಕೊಟ್ಟರು. ಹೊಟ್ಟೆ ತುಂಬಿದಂತೆ ಇರಬೇಕು, ಕ್ಯಾಲೊರಿ ಮೀರಬಾರದು. ಮೊದಲ ಪಟ್ಟಿಯಲ್ಲಿ 500 ಗ್ಯಾಲನ್ ವಿನೆಗರ್ ಬಂತು. ವಿನೆಗರನ್ನು ತೆಗೆದರು. ಎರಡನೆಯದರಲ್ಲಿ ದಿನಕ್ಕೆ 200 ಸೂಪ್ ಕ್ಯೂಬ್. ಮರುದಿನ ಬೆಳಿಗ್ಗೆ ಕೆಲವನ್ನು ಬಿಸಿನೀರಿಗೆ ಹಾಕಿ ಕುಡಿಯಹೋದರೆ ಬರೀ ಉಪ್ಪು. ಉಪ್ಪಿಗೆ ಮೇಲ್ಮಿತಿ ಇರಬೇಕೆಂದು ಲೆಕ್ಕಕ್ಕೆ ಯಾರೂ ಹೇಳಿರಲಿಲ್ಲ. ಅದಕ್ಕೆ ಮಿತಿ ಹಾಕಿದರೆ ಹೊಟ್ಟು ಬಂತು, ಅದೂ ದಿನಕ್ಕೆ ಎರಡು ಪೌಂಡ್. ಕೊನೆಗೆ ಆನ್ ತಾವೇ ಊಟದ ಪಟ್ಟಿ ಹಾಕಿದರು, ತೂಕವೂ ಇಳಿಯಿತು. ಈ ಕಥೆಯನ್ನು ಡಾಂಟ್ಜಿಗ್ ತಾವೇ ಬರೆದಿದ್ದಾರೆ.

ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ನಗುತ್ತಿದ್ದರು. ಮನೆಯಲ್ಲಿ ನಾವು ಅಷ್ಟು ನಗುವುದಿಲ್ಲ, ಏಕೆಂದರೆ ನಮ್ಮದೂ ಒಂದು ವಿನೆಗರ್ ಇದೆ.

ಹನ್ನೆರಡು ವರ್ಷದ ಹಿಂದಿನ ಮಾತು. ಸೋನಾಪುರ ಮತ್ತು ಅಲ್ ಕೂಜ್ ಕ್ಯಾಂಪ್‌ಗಳಿಂದ ಜೆಬೆಲ್ ಅಲಿ ಕಡೆಯ ಐದು ಸೈಟ್‌ಗಳಿಗೆ ಕೆಲಸಗಾರರನ್ನು ಕರೆದೊಯ್ಯಲು ಕಂಪನಿಗೆ 14 ಬಸ್ಸುಗಳಿದ್ದವು. ಖರ್ಚು ಇಳಿಸಿ ಎಂದರು. ಮನೆಯ ಊಟದ ಮೇಜಿನ ಮೇಲೆ ನಾವಿಬ್ಬರೂ ಕೂತು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆವು. ಸೀಟುಗಳೆಷ್ಟು, ಯಾವ ಸೈಟ್‌ಗೆ ಎಷ್ಟು ಜನ, ಶಿಫ್ಟ್ ಎಷ್ಟಕ್ಕೆ ಶುರು, ಎಲ್ಲವನ್ನೂ ಬರೆದೆವು. 11 ಬಸ್ಸು ಸಾಕು ಎಂದು ಬಂತು. ಮ್ಯಾನೇಜರ್ ಬೆನ್ನು ತಟ್ಟಿದರು, ನಮಗೂ ಹೆಮ್ಮೆಯಾಯಿತು.

ಮೂರನೆಯ ವಾರ ಕುಂದಾಪುರ ಕಡೆಯ ಬಡಗಿಯೊಬ್ಬರು ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದರು. ಬೈಯಲಿಲ್ಲ. "ಸಾರ್, ಬಸ್ಸನ್ನು ನೀವು ಬೇಗ ಮಾಡಿದ್ರಿ. ಬಾತ್‌ರೂಮಿನ ಲೈನ್ ಬೇಗ ಆಗ್ತದಾ?" ಎಂದರು ಅಷ್ಟೆ. ಒಂದೇ ಬಸ್ಸು ಎರಡು ಕ್ಯಾಂಪ್ ಹತ್ತಿಸಿಕೊಂಡು ಮೂರು ಸೈಟ್ ಇಳಿಸುತ್ತಿತ್ತು. ಮೊದಲು ಹತ್ತಿದವರೇ ಕೊನೆಗೆ ಇಳಿಯುವಂತಾಗಿ, ಒಂದು ಗಂಟೆ ಐವತ್ತು ನಿಮಿಷ ಬಸ್ಸಿನಲ್ಲೇ ಕಳೆಯುತ್ತಿದ್ದರು. ನಾಲ್ಕಕ್ಕೆ ಏಳುತ್ತಿದ್ದವರು ಈಗ ಮೂರೂಕಾಲಿಗೆ ಏಳಬೇಕಿತ್ತು. ಡೀಸೆಲ್ ಲೆಕ್ಕದಲ್ಲಿತ್ತು, ಟಯರ್ ಇತ್ತು. ಅವರ ನಿದ್ದೆ ಇರಲಿಲ್ಲ. ಬಿಟ್ಟವರು ಕಂಪನಿಯವರಲ್ಲ, ಮೇಜಿನ ಎರಡು ಬದಿಗೆ ಕೂತಿದ್ದ ನಾವೇ.

'ಯಾರೂ 75 ನಿಮಿಷಕ್ಕಿಂತ ಹೆಚ್ಚು ಬಸ್ಸಿನಲ್ಲಿ ಇರಬಾರದು' ಎಂದು ಒಂದು ಸಾಲು ಸೇರಿಸಿ ಮತ್ತೆ ಬಿಡಿಸಿದೆವು. 12 ಬಸ್ಸು ಬೇಕೆಂದಿತು. ಒಂದೇ ಒಂದು ಬಸ್ಸು ಹೆಚ್ಚು! ಆ ಒಂದನ್ನು ಮರಳಿ ಕೇಳಲು ಮಾತ್ರ ಎರಡು ತಿಂಗಳು ಹಿಡಿಯಿತು, ಏಕೆಂದರೆ 11 ಸಾಕೆಂದು ಕಾಗದದಲ್ಲಿ ತೋರಿಸಿಕೊಟ್ಟವರು ನಾವೇ ತಾನೆ.

ದೊಡ್ಡ ಕಂಪನಿಗಳಿಗೂ ಈ ಪಾಡು ತಪ್ಪಿದ್ದಲ್ಲ. ಅಟ್ಲಾಂಟಾದಲ್ಲಿ ಕೇಂದ್ರ ಕಚೇರಿ ಇರುವ ಯುಪಿಎಸ್, 'ಓರಿಯನ್' ಎಂಬ ವ್ಯವಸ್ಥೆಯಿಂದ ಸುಮಾರು 55,000 ಚಾಲಕರ ದಿನದ ದಾರಿಯನ್ನು ಲೆಕ್ಕ ಹಾಕುತ್ತದೆ. ಪ್ರತಿ ಚಾಲಕ ದಿನಕ್ಕೆ ಒಂದು ಮೈಲಿ ಉಳಿಸಿದರೂ ವರ್ಷಕ್ಕೆ 5 ಕೋಟಿ ಡಾಲರ್ ಉಳಿತಾಯ ಎಂಬುದು ಅವರದೇ ಮಾತು. ಹಾಗಿದ್ದೂ ಹಳಬ ಚಾಲಕರು ತಮ್ಮ ದಾರಿ ಬಿಟ್ಟು ಯಂತ್ರದ ದಾರಿ ಹಿಡಿಯಲು ತಕರಾರು ಮಾಡಿದ್ದು ಆಗ ಸುದ್ದಿಯಾಗಿತ್ತು.

ನಮಗೆ ಹೆಚ್ಚು ಇಷ್ಟವಾದ ಅಟ್ಲಾಂಟಾ ಕಥೆ ಅದಕ್ಕಿಂತ ಹಳೆಯದು, ಕಂಪ್ಯೂಟರೇ ಇಲ್ಲದ್ದು. ವಯಸ್ಸಾದವರ, ಕಾಯಿಲೆಯವರ ಮನೆಬಾಗಿಲಿಗೆ ಊಟ ತಲುಪಿಸುವ 'ಮೀಲ್ಸ್ ಆನ್ ವೀಲ್ಸ್' ಸೇವೆಗಾಗಿ ಜಾರ್ಜಿಯಾ ಟೆಕ್‌ನ ಜಾನ್ ಬಾರ್ತೋಲ್ಡಿ ಮತ್ತು ಸಂಗಡಿಗರು ಮಾಡಿದ್ದು, 1983ರಲ್ಲಿ ಪ್ರಕಟವಾಯಿತು. ಊರಿನ ನಕ್ಷೆಯ ಮೇಲೆ, ಎಲ್ಲ ಮೂಲೆಗಳನ್ನೂ ಹಾದುಹೋಗುವ ಸುರುಳಿಸುರುಳಿಯಾದ ಒಂದೇ ಗೆರೆ ಇದೆಯೆಂದುಕೊಳ್ಳಿ. ಪ್ರತಿ ಮನೆಗೂ ಆ ಗೆರೆಯ ಮೇಲೆ ಒಂದು ಸಂಖ್ಯೆ. ಹೆಸರು, ವಿಳಾಸ, ಸಂಖ್ಯೆ ಬರೆದ ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ, ಎಷ್ಟು ವಾಹನಗಳಿವೆಯೋ ಅಷ್ಟು ಪಾಲು ಮಾಡಿದರೆ ಮುಗಿಯಿತು. ಯಾರೋ ತೀರಿಕೊಂಡರೆ, ಯಾರೋ ಗುಣವಾದರೆ ಕಾರ್ಡು ತೆಗೆದರಾಯಿತು, ಉಳಿದವರ ಸಾಲು ಕೆಡುವುದಿಲ್ಲ. ಖರ್ಚು 50 ಡಾಲರಿಗೂ ಕಡಿಮೆ. ಅತ್ಯುತ್ತಮ ದಾರಿಯೇನೂ ಇದರಿಂದ ಸಿಗುವುದಿಲ್ಲ, ಆದರೆ ಹಿಂದಿನದಕ್ಕಿಂತ ಶೇ. 13ರಷ್ಟು ಉಳಿತಾಯವಾಯಿತು. ಮುಖ್ಯವಾಗಿ, ಕಚೇರಿಯಲ್ಲಿ ಕೂತ ಯಾರು ಬೇಕಾದರೂ ಇದನ್ನು ನಡೆಸಬಹುದಿತ್ತು.

2020ರ ಏಪ್ರಿಲ್‌ನಲ್ಲಿ ಸಂಘದ ಹುಡುಗರು ದಿನಸಿ ಕಿಟ್ ಹಂಚಲು ಹೊರಟಾಗ ಈ ಕಾರ್ಡುಗಳೇ ನೆನಪಾದವು. ದೇರಾ, ಸತ್ವಾ, ಅಲ್ ಕೂಜ್, ಸೋನಾಪುರ ಎಂದು ವಾಟ್ಸಾಪ್‌ನಲ್ಲಿ ವಿಳಾಸಗಳು ಬರುತ್ತಲೇ ಇದ್ದವು. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಹಾವಿನ ಗೆರೆ ಎಳೆದು ಸಂಖ್ಯೆ ಕೊಟ್ಟೆವು. ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ, ಮೂರು ಕಾರಿಗೆ ಮೂರು ಪಾಲು ಮಾಡಿದೆವು. ಈ ಸಲ ಒಂದು ಮಾತನ್ನು ಮೊದಲೇ ಬರೆದಿಟ್ಟೆವು: ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ಇರುವ ಮನೆಗಳಿಗೆ ಸಾಲು ಮುರಿದು ಮೊದಲು ಹೋಗುವುದು. ಆ ಕಾರ್ಡುಗಳ ಮೂಲೆಗೆ ಕೆಂಪು ಶಾಯಿ ಹಚ್ಚಿದ್ದೆವು. ಮೇ ತಿಂಗಳಲ್ಲಿ ಮಂಗಳೂರಿಗೆ ವಂದೇ ಭಾರತ್ ವಿಮಾನ ಶುರುವಾದ ಮೇಲೆ ಡಬ್ಬಿ ಒಂದೊಂದೇ ಕಾರ್ಡು ಖಾಲಿಯಾಗುತ್ತಾ ಬಂತು. ಮೊದಲು ತೆಗೆದದ್ದು ಕೆಂಪು ಮೂಲೆಯ ಒಂದು ಕಾರ್ಡು, ಸತ್ವಾದಲ್ಲಿದ್ದ ಏಳು ತಿಂಗಳ ಗರ್ಭಿಣಿಯದು.